ದುಂಡಿಯ ಬೆನ್ನು, ಡಾಕ್ಟರಮ್ಮನ ಜೀನು

2022ನೇ ಇಸವಿಯಲ್ಲಿ ನಾನು ರಾಮನಗರದ ಹತ್ತಿರ, ಕೈಲಾಂಚದ ಆಚೆ, ಹಿಪ್ಪುನೇರಳೆ ತೋಟಗಳ ನಡುವೆ ಇರುವ ಒಂದು ಕುದುರೆ ಸವಾರಿ ಶಾಲೆಯಲ್ಲಿ ಜೀನಿನ ಕೋಣೆಯ ಕೆಲಸಕ್ಕಿದ್ದೆ. ಜೀನು ಎಂದರೆ ಕುದುರೆಯ ಬೆನ್ನಿನ ಮೇಲೆ ಸವಾರ ಕೂರುವ ತೊಗಲಿನ ಆಸನ. ಅದನ್ನು ಒರೆಸುವುದು, ಎಣ್ಣೆ ಹಚ್ಚುವುದು, ಹೊಲಿಗೆ ಬಿಟ್ಟಿದ್ದರೆ ಹಾಕುವುದು, ಒಳಗಿನ ಉಣ್ಣೆ ಕುಗ್ಗಿದರೆ ಮತ್ತೆ ತುಂಬುವುದು, ಕೆಳಗೆ ಹಾಸುವ ಬಟ್ಟೆಗಳನ್ನು ಒಗೆಯುವುದು ನನ್ನ ಕೆಲಸ. ಆಗಲೇ ನನಗೆ ಅರವತ್ತೇಳು ದಾಟಿತ್ತು.

ಆ ಶಾಲೆಗೆ ನಾನು ಮೊದಲು ಸೇರಿದ್ದು ಲದ್ದಿ ಬಾಚುವುದಕ್ಕೆ. ನಮ್ಮದು ಕುರಿ ಸಾಕುವ ಮನೆ. ಉಣ್ಣೆ ಬಿಡಿಸುವುದು, ಹಿಂಜುವುದು ಚಿಕ್ಕಂದಿನಿಂದ ಕೈಗೆ ಬಂದದ್ದು. ಒಂದು ದಿನ ಹರಿದ ಜೀನಿನ ಹೊಟ್ಟೆಯಿಂದ ಉಣ್ಣೆ ಈಚೆ ಬಂದು ಗಂಟುಗಂಟಾಗಿ ಬಿದ್ದಿತ್ತು. ಅದನ್ನು ಹಿಂಜಿ ಮತ್ತೆ ತುಂಬಿ ಹೊಲಿದೆ. ಶಾಲೆ ನಡೆಸುವ ಮೇಡಂ ಅದನ್ನು ನೋಡಿ, ನಾಳೆಯಿಂದ ನೀನು ಇಲ್ಲೇ ಕೂತುಕೋ ಎಂದರು. ಕೂತೆ. ಹನ್ನೊಂದು ವರ್ಷ ಅಲ್ಲೇ ಕೂತಿದ್ದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅದು ಒಳ್ಳೆಯ ಕೆಲಸವೇ. ಆ ಹನ್ನೊಂದು ವರ್ಷದಲ್ಲಿ ಎಷ್ಟೋ ಜೀನುಗಳಿಗೆ ಉಣ್ಣೆ ತುಂಬಿದ್ದೇನೆ, ಎಲ್ಲವೂ ಮರೆತುಹೋಗಿವೆ. ದುಂಡಿಯ ಜೀನು ಮರೆತಿಲ್ಲ.

ದುಂಡಿ ಒಂದು ಹೆಣ್ಣು ಕುದುರೆ. ಕಾಗದದಲ್ಲಿ ಅದರ ಹೆಸರು ಡಚೆಸ್. ಅದನ್ನು ನೋಡಿಕೊಳ್ಳುತ್ತಿದ್ದ ಸೈಸ್ ಚಿಕ್ಕಣ್ಣ. ಕುದುರೆ ತಿಕ್ಕಿ ತೊಳೆದು ಮೇವು ಹಾಕುವವನಿಗೆ ಸೈಸ್ ಎನ್ನುತ್ತಾರೆ. ಡಚೆಸ್ ಎಂದು ಕೂಗಲು ಅವನ ನಾಲಿಗೆ ಹೊರಳಲಿಲ್ಲ, ಹೊರಳಿಸಲು ಅವನು ನೋಡಲೂ ಇಲ್ಲ. ದುಂಡಗಿದೆ, ದುಂಡಿ ಎಂದ. ಆಮೇಲೆ ಮೇಡಂ ಕೂಡ ಹಾಗೇ ಕರೆದರು.

ದುಂಡಗಿತ್ತು ಅನ್ನುವುದು ಸುಳ್ಳಲ್ಲ. ಸಾಮಾನ್ಯ ಕುದುರೆಗೆ ಬೆನ್ನು ಮನೆಯ ಸೂರಿನ ಹಾಗೆ ಎರಡೂ ಕಡೆ ಇಳಿಜಾರಾಗಿರುತ್ತದೆ. ಎತ್ತಿಗೆ ಹಿಣಿಲು ಇರುವ ಜಾಗದಲ್ಲಿ ಕುದುರೆಗೆ ಒಂದು ಮೂಳೆಯ ದಿಬ್ಬ ಇರುತ್ತದೆ, ಜೀನು ಅದರ ಹಿಂದೆ ಹಿಡಿದು ಕೂರುತ್ತದೆ. ದುಂಡಿಗೆ ಆ ದಿಬ್ಬವೇ ಇಲ್ಲದಂತಿತ್ತು. ಬೆನ್ನು ಅಗಲ, ಚಪ್ಪಟೆ, ಮೇಲೆ ಹುರುಳಿ ತಿಂದ ಮೈ. "ಇದ್ರ ಬೆನ್ ಮ್ಯಾಲೆ ಹಪ್ಪಳ ಒಣಗಾಕ್ಬೋದು ಕಣ್ ನಿಂಗವ್ವ, ಒಂದೂ ಕೆಳಕ್ ಬೀಳಾಕಿಲ್ಲ" ಎನ್ನುತ್ತಿದ್ದ ಚಿಕ್ಕಣ್ಣ. ಹಪ್ಪಳ ನಿಲ್ಲುತ್ತಿತ್ತೇನೋ, ಜೀನು ನಿಲ್ಲುತ್ತಿರಲಿಲ್ಲ. ಒಂದು ಸುತ್ತು ಬರುವಷ್ಟರಲ್ಲಿ ಪಕ್ಕಕ್ಕೆ ಜಾರುತ್ತಿತ್ತು. ಜಾರಬಾರದು ಎಂದು ಹೊಟ್ಟೆಪಟ್ಟಿಯನ್ನು ಬಿಗಿದರೆ ಜೀನಿನ ಮುಂದಿನ ಕಮಾನು ಭುಜದ ಹಿಂದೆ ಇಕ್ಕಳದ ಹಾಗೆ ಕಚ್ಚುತ್ತಿತ್ತು. ಶಾಲೆಯಲ್ಲಿದ್ದ ಜೀನುಗಳೆಲ್ಲ ತೆಳ್ಳಗಿನ ಕುದುರೆಗಳ ಅಳತೆಯವು.

ದುಂಡಿಯನ್ನು ಹತ್ತುತ್ತಿದ್ದವರು ಸವಿತಾ ಡಾಕ್ಟರು. ಚನ್ನಪಟ್ಟಣದಲ್ಲಿ ಹಲ್ಲಿನ ಡಾಕ್ಟರು, ನಲವತ್ತರ ಆಸುಪಾಸಿನ ಹೆಂಗಸು. ಶನಿವಾರ ಭಾನುವಾರ ಮಾತ್ರ ಬರುತ್ತಿದ್ದರು. ಬೇರೆ ಎಲ್ಲ ಕುದುರೆ ಬಿಟ್ಟು ಇದೇ ಬೇಕೆಂದು ಹಿಡಿದಿದ್ದರು. ಅವರು ಕಲಿಯುತ್ತಿದ್ದದ್ದು ಡ್ರೆಸಾಜ್. ಅದರಲ್ಲಿ ಓಟವಿಲ್ಲ, ಬೇಲಿ ಹಾರುವುದಿಲ್ಲ. ಮರಳು ಹಾಕಿದ ಅಂಗಳದಲ್ಲಿ ಕುದುರೆ ಅಳೆದ ಹಾಗೆ ಹೆಜ್ಜೆ ಹಾಕಬೇಕು, ತಿರುಗು ಎಂದಲ್ಲಿ ತಿರುಗಬೇಕು, ನಿಲ್ಲು ಎಂದಲ್ಲಿ ನಿಲ್ಲಬೇಕು. ಅದಕ್ಕೆ ಅಂಕ ಹಾಕುತ್ತಾರೆ. ಸವಾರ ಮಾಡುವ ಸನ್ನೆ ನೋಡುವವರಿಗೆ ಕಾಣಬಾರದು. ಆ ಸನ್ನೆ ಹೋಗುವುದು ಸವಾರ ಕೂತ ಜಾಗದಿಂದ, ಅಂದರೆ ಜೀನಿನಿಂದ. ಜೀನು ಕಚ್ಚುತ್ತಿದ್ದರೆ ಕುದುರೆಗೆ ಸನ್ನೆ ಮುಟ್ಟುವುದಿಲ್ಲ, ನೋವು ಮುಟ್ಟುತ್ತದೆ.

ಡಿಸೆಂಬರಿನಲ್ಲಿ ಬೆಂಗಳೂರಲ್ಲಿ ಪಂದ್ಯ ಇತ್ತು. ಮೇಡಂ ಜೂನ್ ತಿಂಗಳಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿದರು. ಲಾಯದಲ್ಲಿ ಇರುವ ಜಾಗವೇ ಕಡಿಮೆ. ಕೆಲಸ ಮಾಡದ ಕುದುರೆಯನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ಡಿಸೆಂಬರಿನೊಳಗೆ ದುಂಡಿ ಸವಾರಿಗೆ ಬಂದರೆ ಸವಿತಾ ಡಾಕ್ಟರು ಅದರ ಖರ್ಚು ವಹಿಸಿಕೊಂಡು ಇಲ್ಲೇ ಇಡುತ್ತಾರೆ. ಬರದಿದ್ದರೆ ಅದು ಬೇರೆ ಕಡೆಗೆ ಹೋಗುತ್ತದೆ. ಚಿಕ್ಕಣ್ಣ ಅಲ್ಲೇ ನಿಂತಿದ್ದ. ಗುಡೇಮಾರನಹಳ್ಳಿ ಕಡೆಯವನು, ಅವನದೂ ಕುರಿ ಮನೆಯೇ. ದುಂಡಿ ಬಂದ ಹೊಸದರಲ್ಲಿ ಮನುಷ್ಯರ ಕೈ ಕಂಡರೆ ಗೋಡೆಗೆ ಅಂಟುತ್ತಿತ್ತು. ಅದನ್ನು ಹತ್ತಿರಕ್ಕೆ ಕರೆದು ಕೈಯಿಂದ ತಿನ್ನುವಂತೆ ಮಾಡಿದ್ದು ಅವನು. ಆ ದಿನ ಮಧ್ಯಾಹ್ನ ಅವನು ಊಟಕ್ಕೆ ಬರಲಿಲ್ಲ.

ಜೀನು ಆರಿಸಲು ಇಮ್ತಿಯಾಜ್ ಸಾಹೇಬರು ಬಂದರು. ಅವರ ಅಪ್ಪ, ಅಜ್ಜ ಎಲ್ಲ ಜೀನು ಕಟ್ಟುವವರೇ. ಇವರು ಕಟ್ಟುವುದರ ಜೊತೆಗೆ ಯಾವ ಕುದುರೆಗೆ ಯಾವುದು ಸರಿ ಎಂದು ನೋಡಿ ಹೇಳುತ್ತಾರೆ. ಮೊದಲು ದುಂಡಿಯನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಬಗ್ಗಿಸಿದರೆ ಬಗ್ಗಿದ ಹಾಗೆ ನಿಲ್ಲುವ ಒಂದು ಪಟ್ಟಿಯನ್ನು ಬೆನ್ನಿನ ಮೇಲೆ ಒತ್ತಿ, ಆ ಆಕಾರವನ್ನು ರಟ್ಟಿನ ಮೇಲೆ ಬರೆದುಕೊಂಡರು. ಮೂರು ಕಡೆ ಹೀಗೆ ಮಾಡಿದರು. ಬರೆದ ಗೆರೆ ನೋಡಿ ನಕ್ಕರು. "ಇದು ಕುದುರೆ ಅಲ್ಲ ಮೇಡಂ, ಸೋಫಾ" ಎಂದರು.

ತಂದಿದ್ದದ್ದು ಮೂರು ಜೀನು. ಒಂದು ಅಗಲವಾದದ್ದೇ, ಆದರೆ ಒಳಗಿನ ಚೌಕಟ್ಟು ಒಂದೇ ಅಳತೆ, ಬದಲಾಯಿಸಲು ಬರುವುದಿಲ್ಲ. ಇನ್ನೊಂದರಲ್ಲಿ ಉಣ್ಣೆಯ ಬದಲು ಫೋಮ್ ಇತ್ತು. ಮೂರನೆಯದು ಹೊಂದಿಸಿಕೊಳ್ಳುವ ಜೀನು. ಅದರ ಮುಂದಿನ ಕಮಾನಿನೊಳಗೆ ಒಂದು ಕಬ್ಬಿಣದ ಪ್ಲೇಟು. ಸ್ಕ್ರೂ ಬಿಚ್ಚಿ ಒಂದನ್ನು ತೆಗೆದು ಇನ್ನೊಂದನ್ನು ಹಾಕಿದರೆ ಕಮಾನು ಅಗಲವಾಗುತ್ತದೆ, ಇಲ್ಲವೇ ಕಿರಿದಾಗುತ್ತದೆ. ಕೆಳಗೆ ಎರಡು ದಿಂಡು. ನಡುವೆ ಬೆನ್ನೆಲುಬಿಗೆ ತಾಗದ ಹಾಗೆ ಸಂದು. ದಿಂಡಿನೊಳಗೆ ಉಣ್ಣೆ. ಸೀಳಿನಿಂದ ಕಡ್ಡಿ ಹಾಕಿ ಉಣ್ಣೆಯನ್ನು ಹೆಚ್ಚು ಕಡಿಮೆ ಮಾಡಬಹುದು.

ಮೇಡಂ ಫೋಮ್ ಇದ್ದದ್ದರ ಕಡೆಗೇ ನೋಡುತ್ತಿದ್ದರು. ಅದಕ್ಕೆ ರಿಪೇರಿ ಇಲ್ಲ, ಹಗುರ. ಇಮ್ತಿಯಾಜ್ ಬೇಡ ಎಂದರು. ಈ ಕುದುರೆ ಈಗ ಕೊಬ್ಬಿದೆ, ಕೆಲಸ ಶುರುವಾದ ಮೇಲೆ ಮೈ ಬದಲಾಗುತ್ತದೆ, ಬದಲಾದಾಗ ಜೀನೂ ಬದಲಾಗಬೇಕು ಎಂದರು. ಹೇಗೂ ಉಣ್ಣೆ ಗೊತ್ತಿರುವ ಹೆಂಗಸು ಇಲ್ಲೇ ಇದ್ದಾಳಲ್ಲ ಎಂದು ನನ್ನ ಕಡೆ ನೋಡಿದರು. ನನಗೆ ಹಿಗ್ಗಾಯಿತು, ಯಾಕೆ ಇಲ್ಲ ಎನ್ನಲಿ. ಆದರೆ ನಮ್ಮ ಕಡೆಯ ಕರಿ ಉಣ್ಣೆ ಈ ಜೀನಿಗೆ ಬೇಡ, ಅದು ಒರಟು, ಬೇಗ ಗಂಟು ಕಟ್ಟುತ್ತದೆ ಎಂದು ಹೇಳಿ ಒಂದು ಚೀಲ ಬಿಳಿ ಉಣ್ಣೆ ಕೊಟ್ಟುಹೋದರು. ಶಾಲೆಯ ಹಳೆಯ ಜೀನುಗಳಿಗೆ ನಾನು ಕರಿ ಉಣ್ಣೆಯನ್ನೇ ಹಾಕುತ್ತಿದ್ದೆ. ಹೀಗಾಗಿ ನನ್ನ ಕೋಣೆಯಲ್ಲಿ ಎರಡೂ ಚೀಲ ಇದ್ದವು. ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂದರೆ ಮುಂದೆ ಬೇಕಾಗುತ್ತದೆ.

ಎಲ್ಲಕ್ಕಿಂತ ಅಗಲದ ಪ್ಲೇಟನ್ನು ಹಾಕಿ ದುಂಡಿಯ ಮೇಲೆ ಇಟ್ಟು ನೋಡಿದರು. ಕೆಳಗೆ ಕೈ ಹಾಕಿದರೆ ಮುಂದಿನಿಂದ ಹಿಂದಿನವರೆಗೆ ಒಂದೇ ಸಮ ಒತ್ತು. ಸವಿತಾ ಡಾಕ್ಟರು ಹತ್ತಿ ನಾಲ್ಕು ಸುತ್ತು ಬಂದರು. ಜೀನು ಜಾರಲಿಲ್ಲ. ದುಂಡಿ ತಲೆ ತಗ್ಗಿಸಿ ಮೂಗಿನಲ್ಲಿ ಪುರ್ರ್ ಎಂದಿತು. ಕುದುರೆ ಹಾಗೆ ಮಾಡಿದರೆ ಮೈ ಸಡಿಲವಾಗಿದೆ ಎಂದರ್ಥ. ಡಾಕ್ಟರಮ್ಮ ತಮ್ಮ ದುಡ್ಡಿನಲ್ಲಿ ಅದೇ ಜೀನನ್ನು ಕೊಂಡರು.

ಹೊರಡುವ ಮುಂಚೆ ಇಮ್ತಿಯಾಜ್ ಕೇಳಿದರು, "ಕೆಳಗೆ ಏನು ಹಾಕ್ತೀರಿ?"

ಮೇಡಂ ದುಂಡಿಯ ಬೆನ್ನಿನ ಮೇಲಿದ್ದ ಬಿಳಿ ಬಟ್ಟೆ ತೋರಿಸಿ, ಇದೇ ಎಂದರು. ತೆಳ್ಳನೆಯ ಹತ್ತಿಯ ಬಟ್ಟೆ. ಇಷ್ಟೇ ಇರಲಿ, ದಪ್ಪ ಹಾಕಿದರೆ ಅಳತೆ ಕೆಡುತ್ತದೆ ಎಂದು ಇಮ್ತಿಯಾಜ್ ಹೇಳಿದರು. ಅದನ್ನು ಹೇಳಿದ್ದು ಮೇಡಂಗೆ, ಇಂಗ್ಲಿಷಿನಲ್ಲಿ. ಚಿಕ್ಕಣ್ಣ ಆಗ ಹಗ್ಗ ಹಿಡಿದು ಪಕ್ಕದಲ್ಲೇ ನಿಂತಿದ್ದ. ನಾನೂ ಇದ್ದೆ. ನನಗೆ ಆ ಮಾತಿನ ಅರ್ಥ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಈಗ ಆ ಬಿಳಿ ಬಟ್ಟೆಯ ವಿಷಯ ಹೇಳಬೇಕು. ನಮ್ಮ ಶಾಲೆಯಲ್ಲಿ ಒಂದು ನಿಯಮ ಇತ್ತು. ಶನಿವಾರ, ಭಾನುವಾರ ಮತ್ತು ಹೊರಗಿನವರು ಬಂದ ದಿನ ಕುದುರೆಗೆ ಬಿಳಿ ಬಟ್ಟೆ. ಉಳಿದ ದಿನ ಏನಾದರೂ ಹಳೆಯದು. ಬಿಳಿ ಬಟ್ಟೆ ಬೇಗ ಕೊಳೆಯಾಗುತ್ತದೆ, ದಿನಾ ಹಾಕಿದರೆ ಬಾಳಿಕೆ ಬರುವುದಿಲ್ಲ ಎಂದು ಮೇಡಂ ಮಾಡಿದ ನಿಯಮ. ಬಂದವರ ಕಣ್ಣಿಗೆ ಹಳೆಯ ಚಿಂದಿ ಬೀಳಬಾರದು ಎಂದು ಸೈಸುಗಳಿಗೆ ಒಮ್ಮೆ ಬೈದೂ ಇದ್ದರು. ನಮಗೆ ಅದು ಹೊಸದೇನಲ್ಲ. ನಮ್ಮ ಮನೆಗಳಲ್ಲೂ ನೆಂಟರು ಬಂದರೆ ದಿನದ ಚಾಪೆ ಸುತ್ತಿಟ್ಟು ಜಮಖಾನ ಹಾಸುತ್ತೇವೆ. ದಿನಾ ಯಾವುದರ ಮೇಲೆ ಮಲಗುತ್ತೀರಿ ಎಂದು ಯಾವ ನೆಂಟರೂ ಕೇಳುವುದಿಲ್ಲ.

ಜೂನ್, ಜುಲೈ ಚೆನ್ನಾಗಿ ನಡೆಯಿತು. ಹೊಸ ತೊಗಲು ಬಿರುಸಾಗಿತ್ತು. ಅದು ಹದಕ್ಕೆ ಬರಲಿ, ಕುದುರೆಗೂ ಅಭ್ಯಾಸವಾಗಲಿ ಎಂದು ವಾರದ ದಿನಗಳಲ್ಲಿ ಚಿಕ್ಕಣ್ಣನೇ ಅದೇ ಜೀನು ಹಾಕಿ, ದುಂಡಿಯನ್ನು ಹತ್ತಿ ರಸ್ತೆಗೆ ಹೋಗಿಬರಬೇಕೆಂದು ಮೇಡಂ ಹೇಳಿದರು. ಅವನು ಬೆಳಕು ಹರಿಯುತ್ತಲೇ ಹೊರಟು, ಹಿಪ್ಪುನೇರಳೆ ತೋಟಗಳ ಬದುವಿನ ದಾರಿ ಸುತ್ತಿ, ಮೇಡಂ ಬರುವ ಮೊದಲೇ ವಾಪಸು ಬಂದು ಕುದುರೆ ತೊಳೆದಿರುತ್ತಿದ್ದ. ನಾನು ಬಸ್ಸಿಳಿದು ಬರುವಾಗ ಒಂಬತ್ತಾಗಿರುತ್ತಿತ್ತು. ಜೀನು ನನ್ನ ಕೋಣೆಯ ಅಡ್ಡಗಂಬದ ಮೇಲೆ ಇರುತ್ತಿತ್ತು.

ಆಗಸ್ಟ್ ಮುಗಿಯುವ ಹೊತ್ತಿಗೆ ದುಂಡಿ ಕಿವಿ ಹಿಂದಕ್ಕೆ ಒತ್ತಲು ಶುರು ಮಾಡಿತು. ಜೀನು ಕಂಡರೆ ಪಕ್ಕಕ್ಕೆ ಸರಿಯುವುದು, ಹೊಟ್ಟೆಪಟ್ಟಿ ಎಳೆದರೆ ಹಲ್ಲು ತೋರಿಸುವುದು. ಸವಿತಾ ಡಾಕ್ಟರು ಎಡಕ್ಕೆ ತಿರುಗಿಸಿದರೆ ಬಲಕ್ಕೆ ವಾಲುತ್ತಿತ್ತು. "ನಮ್ಮ ಪೇಷೆಂಟುಗಳೂ ಕುರ್ಚಿ ಕಂಡ ತಕ್ಷಣ ಹಿಂಗೇ ಮಾಡ್ತಾರೆ ನಿಂಗಮ್ಮ" ಎಂದು ಡಾಕ್ಟರಮ್ಮ ನನ್ನ ಹತ್ತಿರ ತಮಾಷೆ ಮಾಡಿದರು. ಆದರೆ ಮುಖದಲ್ಲಿ ನಗು ಇರಲಿಲ್ಲ.

ಮೇಡಂ ಇಮ್ತಿಯಾಜ್ ಅವರನ್ನು ಕರೆಸಿದರು. ಅವರು ಬರುತ್ತಾರೆ ಎಂದು ಚಿಕ್ಕಣ್ಣ ದುಂಡಿಗೆ ಸ್ನಾನ ಮಾಡಿಸಿ, ಬಾಲ ಬಾಚಿ, ಬಿಳಿ ಬಟ್ಟೆ ಹಾಕಿ ನಿಲ್ಲಿಸಿದ. ಇಮ್ತಿಯಾಜ್ ಕೈ ಹಾಕಿ ನೋಡಿದರೆ ಜೀನಿನಲ್ಲಿ ಏನೂ ತಪ್ಪಿಲ್ಲ. ಬಟ್ಟೆಯ ಅಡಿಭಾಗ ನೋಡಬೇಕು ಎಂದರು. ಬೆವರಿನ ಕೊಳೆ ಎಲ್ಲಿ ಕೂತಿದೆ, ಎಲ್ಲಿ ಕೂತಿಲ್ಲ ಎಂದು ನೋಡಿ ಜೀನು ಎಲ್ಲಿ ಒತ್ತುತ್ತದೆ ಎಂದು ಹೇಳುತ್ತಾರೆ. ಬಟ್ಟೆಯನ್ನು ನಾನು ಹಿಂದಿನ ದಿನವಷ್ಟೇ ಸೋಪು ಹಾಕಿ ಒಗೆದಿದ್ದೆ. ದೊಡ್ಡವರು ಬರುತ್ತಾರಲ್ಲ ಅಂತ ನೀಲಿಯನ್ನೂ ಹಾಕಿದ್ದೆ. ಅವರು ಅದನ್ನು ತಿರುಗಿಸಿ ನೋಡಿ, "ಇದು ಮದುವೆಗೆ ಉಟ್ಕೊಂಡು ಹೋಗೋ ಹಂಗೈತಲ್ಲಮ್ಮಾ" ಎಂದರು. ಮುಂದಿನ ಸಲ ಒಗೆಯಬೇಡಿ ಎಂದರು.

ಮುಂದಿನ ಸಲ ಒಗೆಯಲಿಲ್ಲ. ಎರಡು ವಾರದ ಶನಿವಾರ ಭಾನುವಾರದ ಕೊಳೆ ಹಾಗೇ ಇತ್ತು. ಅದರಲ್ಲಿ ಗುರುತು ಎರಡೂ ಕಡೆ ಸಮವಾಗಿ ಬಿದ್ದಿತ್ತು. ಆದರೆ ಭುಜದ ಹಿಂದಿನ ಮಾಂಸ ಸ್ವಲ್ಪ ಇಳಿದು, ಅಂಗೈ ಇಡುವಷ್ಟು ಗುಳಿ ಕಂಡಿತು. ಬಿಳಿ ಬಟ್ಟೆಯ ಮೇಲೆ ಜೀನು ಇಟ್ಟರೆ ಮುಂದೆ ಸಡಿಲ. ಕೊಬ್ಬು ಕರಗಿದೆ, ಈಗ ಪ್ಲೇಟು ಅಗಲವಾಯಿತು, ಜೀನು ಅಲ್ಲಾಡಿ ತಾಗುತ್ತಿರಬೇಕು ಎಂದು ಇಮ್ತಿಯಾಜ್ ಲೆಕ್ಕ ಹಾಕಿದರು. ಒಂದು ಅಳತೆ ಕಿರಿದಾದ ಪ್ಲೇಟು ಹಾಕಿದರು. ಗುಳಿ ಇದ್ದ ಕಡೆಗೆ ದಿಂಡಿನಲ್ಲಿ ಉಣ್ಣೆ ಹೆಚ್ಚಿಸಲು ನನಗೆ ಹೇಳಿದರು. ತುಂಬಿದೆ. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅವರು ಕಂಡದ್ದರ ಮೇಲೆ ಯಾರು ಲೆಕ್ಕ ಹಾಕಿದ್ದರೂ ಅದೇ ಉತ್ತರ ಬರುತ್ತಿತ್ತು.

ಆ ದಿನಗಳಲ್ಲೇ ಜೀನಿನ ಅಡಿಭಾಗ ಒರೆಸುವಾಗ ಒಂದೆರಡು ಕರಿ ಉಣ್ಣೆಯ ಎಳೆ ಅಂಟಿರುವುದನ್ನು ನಾನು ನೋಡಿದ್ದೆ. ಒಂದು ಸಲವಲ್ಲ, ಎಷ್ಟೋ ಸಲ. ತೆಗೆದು ಬಿಸಾಕಿದೆ. ನನ್ನ ಕೋಣೆಯಲ್ಲಿ ಕರಿ ಉಣ್ಣೆಗೆ ಬರವೇ? ಮಡಿಲಲ್ಲಿ, ಸೆರಗಿನಲ್ಲಿ, ಚಹಾ ಲೋಟದಲ್ಲೂ ಅದೇ. ಬೇರೆ ಯಾರ ಕೈಗಾದರೂ ಆ ಎಳೆ ಸಿಕ್ಕಿದ್ದರೆ ಇದು ಎಲ್ಲಿಂದ ಬಂತು ಎಂದು ಕೇಳುತ್ತಿದ್ದರು. ಉಣ್ಣೆಯಲ್ಲೇ ಹುಟ್ಟಿ ಬೆಳೆದವಳು ಉಣ್ಣೆ ಕಂಡು ಏನು ಕೇಳುತ್ತಾಳೆ.

ಪ್ಲೇಟು ಬದಲಿಸಿದ ಮೇಲೆ ದುಂಡಿ ಇನ್ನೂ ಕೆಟ್ಟಿತು. ರಾಮನಗರದಿಂದ ಪಶು ವೈದ್ಯರು ಬಂದು ಬೆನ್ನು ಒತ್ತಿ, ನೋವಿದೆ ಎಂದರು, ಹತ್ತು ದಿನ ರಜೆ ಬರೆದರು. ರಜೆಯಲ್ಲಿ ಕುದುರೆ ಚೆನ್ನಾಗಿಯೇ ಇತ್ತು. ಚಿಕ್ಕಣ್ಣ ರಾತ್ರಿ ಉಳಿಸಿದ ಮುದ್ದೆ ತಂದು ತಿನ್ನಿಸುತ್ತಿದ್ದ, ಅದು ಅವನ ಜೇಬಿಗೆ ಮೂಗು ಹಾಕಿ ಹುಡುಕುತ್ತಿತ್ತು. ಮತ್ತೆ ಜೀನು ಹಾಕಿ ಒಂದು ವಾರ ಆಗುವಷ್ಟರಲ್ಲಿ ಅದೇ ಕಿವಿ, ಅದೇ ಹಲ್ಲು. ನವೆಂಬರ್ ಬಂತು. ಕುದುರೆಗೆ ಮನಸ್ಸಿಲ್ಲ, ಕೆಲಸಗಳ್ಳಿ ಎಂದು ಸವಾರಿಗೆ ಬರುವ ಒಬ್ಬರು ಅಂದರು. ಮೇಡಂ ಹಾಗೆ ಅನ್ನಲಿಲ್ಲ. ಆದರೆ ಸೋಲೂರಿನ ಕಡೆಯ ಒಬ್ಬ ತೋಟದವರ ಹತ್ತಿರ ಫೋನಿನಲ್ಲಿ ಮಾತಾಡುವುದು ನನ್ನ ಕಿವಿಗೆ ಬಿತ್ತು.

ನವೆಂಬರಿನ ಮೂರನೇ ಭಾನುವಾರ ಅಂಗಳದ ಮೂಲೆಯಲ್ಲಿ ತಿರುಗುವಾಗ ದುಂಡಿ ಹಿಂಗಾಲು ಎತ್ತಿ ಒದೆಯಿತು. ಸವಿತಾ ಡಾಕ್ಟರು ಅಂಗಳದ ಸುತ್ತಲಿನ ಮರದ ಕಟಕಟೆಯ ಮೇಲೆ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಹಲ್ಲು ಕೀಳುವವರಿಗೆ ಬಲಗೈ ಎಂದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ. ಅವರು ನೆಲದಲ್ಲಿ ಕೂತು, ಕೈ ಎದೆಗೆ ಅವುಚಿಕೊಂಡು, ಮೊದಲು ಕೇಳಿದ್ದು ದುಂಡಿಗೆ ಏಟಾಯಿತೇ ಎಂದು. ಅವರ ಯಜಮಾನರು ಕಾರಿನ ಹತ್ತಿರ ನಿಂತು ಮೇಡಂಗೆ ಒಂದೇ ಮಾತು ಹೇಳಿ ಹೋದರು, ಇನ್ನು ಇದು ಸಾಕು ಎಂದು.

ಡಿಸೆಂಬರ್ ಬರುವ ಮೊದಲೇ ಸೋಲೂರಿನಿಂದ ಲಾರಿ ಬಂತು. ತೆಂಗಿನ ತೋಟ, ಹಸು ಕಟ್ಟಿದವರು. ಸವಾರಿಗಲ್ಲ, ಮನೆಯ ಮುಂದೆ ಒಂದು ಕುದುರೆ ಇರಲಿ ಎಂದು ಆಸೆ ಅವರಿಗೆ. ದುಂಡಿ ಲಾರಿ ಹತ್ತಲಿಲ್ಲ. ಚಿಕ್ಕಣ್ಣ ಮುಂದೆ ಹತ್ತಿ ಕರೆದ ಮೇಲೆ ಹತ್ತಿತು. ಅವನು ಇಳಿದು ಬಂದು ಬಕೆಟ್ಟು ತೊಳೆಯಲು ಹೋದ. ತೊಳೆದದ್ದನ್ನೇ ತೊಳೆಯುತ್ತಿದ್ದ.

ಡಾಕ್ಟರಮ್ಮನ ಜೀನು ಶಾಲೆಯಲ್ಲೇ ಉಳಿಯಿತು. ಹೊಂದಿಸಿಕೊಳ್ಳುವ ಜೀನು ತಾನೆ, ಯಾವ ಕುದುರೆಗಾದರೂ ಆಗುತ್ತದೆ. ಜನವರಿಯಲ್ಲಿ ಅದಕ್ಕೆ ಇನ್ನೂ ಕಿರಿದಾದ ಪ್ಲೇಟು ಹಾಕಿ ಒಂದು ಕಂದು ಗಂಡು ಕುದುರೆಗೆ ಕೊಟ್ಟರು. ಅದೂ ಚಿಕ್ಕಣ್ಣನ ಕೈಗೇ ಬಂತು.

ಆ ತಿಂಗಳು ಒಂದು ದಿನ ಬಸ್ಸುಗಳು ಇರಲಿಲ್ಲ. ನಮ್ಮೂರಿನ ಹಾಲಿನ ವ್ಯಾನು ಆ ಕಡೆ ಹೋಗುತ್ತದೆ, ಅದರಲ್ಲೇ ಬಂದೆ. ಹೀಗಾಗಿ ನಾನು ಲಾಯ ತಲುಪಿದಾಗ ಆಗತಾನೇ ಬೆಳಕು. ಚಿಕ್ಕಣ್ಣ ಕಂದು ಕುದುರೆಗೆ ಜೀನು ಹಾಕುತ್ತಿದ್ದ. ಜೀನಿನ ಕೆಳಗೆ ಹಾಕಲು ಒಂದು ಕರಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಅಂಚು ಹೊರಗೆ ಕಾಣದ ಹಾಗೆ ಬೆನ್ನಿನ ಮೇಲೆ ನೀಟಾಗಿ ಒತ್ತುತ್ತಿದ್ದ. ಅವನ ಅವ್ವ ನೂತ ನೂಲಿನ ಕಂಬಳಿ ಅದು. ನಾನು ನೋಡಿದ ತಕ್ಷಣ ಹೇಳಬಲ್ಲೆ, ನಮ್ಮ ಕಡೆ ಕೈನೂಲು ಹಾಗೇ ಇರುತ್ತದೆ.

ಆ ಎಳೆಗಳು ಎಲ್ಲಿಂದ ಬರುತ್ತಿದ್ದವು ಎಂದು ಯಾರೂ ಹೇಳಬೇಕಾಗಲಿಲ್ಲ.

"ಇದ್ನ ದುಂಡಿಗೂ ಆಕ್ತಿದ್ದೇನ್ಲಾ?" ಎಂದೆ.

"ಊಂ ಕಣವ್ವ. ದಿನಾಲೂವೆ. ಹೊಸಾ ಜೀನು, ಗಟ್ಟಿ ಐತೆ, ಒತ್ಬಾರ್ದು ಅಂತ. ಆಮ್ಯಾಕೆ ಅದ್ಕೆ ನೋಯ್ತದೆ ಅಂತ ಗೊತ್ತಾದ್ಮೇಲೆ ಇನ್ನೊಂದು ಮಡಿಕೆ ಜಾಸ್ತಿ ಮಾಡ್ದೆ."

"ಸಾಯೇಬ್ರು ಬಂದಾಗ?"

ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. "ಅವ್ರ ಮುಂದೆ ಇಂಥ ಅಳೇ ಕಂಬ್ಳಿ ಆಕಿ ನಿಲ್ಸಕ್ಕಾಯ್ತದಾ ನಿಂಗವ್ವ? ಬಿಳೀದು ಆಕ್ತಿದ್ದೆ."

ನಾನು ಅಲ್ಲೇ ಹುಲ್ಲಿನ ಕಟ್ಟಿನ ಮೇಲೆ ಕೂತೆ. ಅವನಿಗೆ ಹೇಗೆ ಹೇಳುವುದು ಎಂದು ಯೋಚಿಸಲಿಲ್ಲ. ನೇರವಾಗಿ ಹೇಳಿದೆ. "ನಿನ್ ಕಾಲಿಗ್ ಸರೀಗಿರೋ ಬೂಟಿನೊಳೀಕೆ ನಾಕ್ ಕಾಲ್ಚೀಲ ಆಕ್ಕಂಡ್ ನಡಿ ನೋಡಾನ. ಮೆತ್ತಗಾಯ್ತದಾ, ಬಿಗೀತದಾ?"

ಅವನು ಕಂಬಳಿ ಎಳೆದು ಕೈಯಲ್ಲಿ ಹಿಡಿದುಕೊಂಡ. "ಉಣ್ಣೆ ಒಳ್ಳೇದು ಅಂತ ನೀನೇ ಒಳೀಕೆ ತುಂಬ್ತಿದ್ದಲ್ಲವ್ವ" ಎಂದ. ಬೈದು ಹೇಳಿದ್ದಲ್ಲ, ಕೇಳಿದ್ದು. ನಮ್ಮ ಮನೆಗಳಲ್ಲಿ ಹುಟ್ಟಿದ ಮಗುವನ್ನೂ ಕಂಬಳಿಯಲ್ಲೇ ಮಲಗಿಸುತ್ತೇವೆ. ಅದು ನೋಯಿಸುತ್ತದೆ ಎಂದು ಅವನಿಗೆ ಯಾಕೆ ಹೊಳೆಯಬೇಕು.

ಈಗ ಕೂತು ನೋಡಿದರೆ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ವಾರಕ್ಕೆ ಎರಡು ದಿನ ದುಂಡಿಯ ಮೇಲೆ ಸರಿಯಾದ ಜೀನು ಇತ್ತು. ಉಳಿದ ದಿನ ಅದೇ ಜೀನು ಕಂಬಳಿಯ ಮೇಲೆ ಕೂತು ಇಕ್ಕಳವಾಗುತ್ತಿತ್ತು. ನೋವಿಗೆ ಮಾಂಸ ಕರಗಿ ಗುಳಿ ಬಿತ್ತು. ಗುಳಿ ಕಂಡು ಸಾಹೇಬರು ಕಮಾನು ಕಿರಿದು ಮಾಡಿದರು. ನಾನು ಉಣ್ಣೆ ಹೆಚ್ಚು ಮಾಡಿದೆ. ಅದು ನರಳುವುದು ಕಂಡು ಚಿಕ್ಕಣ್ಣ ಮಡಿಕೆ ಹೆಚ್ಚು ಮಾಡಿದ. ಮೂರು ಜನವೂ ಅದಕ್ಕೆ ಒಳ್ಳೆಯದಾಗಲಿ ಎಂದೇ ಮಾಡಿದೆವು. ಮೂರು ಕಡೆಯಿಂದಲೂ ಬಿಗಿದೆವು.

ಮೇಡಂಗೆ ಚಿಕ್ಕಣ್ಣನೇ ಹೋಗಿ ಹೇಳಿದ. ನಾನು ಜೊತೆಗೆ ಹೋದೆ. ಕೆಲಸ ಹೋಗುತ್ತದೆ ಎಂದುಕೊಂಡೇ ಹೋಗಿದ್ದ. ಮೇಡಂ, "ಹಳೇದು ಯಾರಿಗೂ ಕಾಣಬಾರದು ಅಂತ ಹೇಳಿದ್ದು ನಾನೇ ಅಲ್ವಾ" ಎಂದರು. ಕೆಲಸ ತೆಗೆಯಲಿಲ್ಲ. ಇಮ್ತಿಯಾಜ್ ಅವರಿಗೆ ಫೋನು ಮಾಡಿ, ನನ್ನ ಕೈಗೂ ಕೊಟ್ಟರು. ಆ ಕಡೆಯಿಂದ ಅವರು, "ಕೆಳಗೆ ಏನು ಹಾಕ್ತೀರಿ ಅಂತ ಕೇಳಿದ್ದೆನಲ್ಲಮ್ಮಾ" ಎಂದರು. "ಕೇಳಿದ್ರಿ ಸಾರ್. ತೋರ್ಸಿದ್ವಿ" ಎಂದೆ. ಫೋನನ್ನು ಮೇಡಂಗೆ ವಾಪಸು ಕೊಟ್ಟೆ.

ದುಂಡಿಯನ್ನು ವಾಪಸು ತರುವ ಮಾತು ಒಂದು ದಿನ ನಡೆಯಿತು. ಸೋಲೂರಿನವರು ಕೊಡಲು ಒಪ್ಪಲಿಲ್ಲ. ಮನೆಯ ಮೊಮ್ಮಕ್ಕಳು ಅದಕ್ಕೆ ಹೊಂದಿಕೊಂಡಿದ್ದರು. ಒಪ್ಪಿದ್ದರೂ ಯಾರಿಗೆ ತರುವುದು? ಸವಿತಾ ಡಾಕ್ಟರ ಕೈ ಕೂಡಿಕೊಂಡಿತ್ತು, ಆದರೆ ಅವರು ಮತ್ತೆ ಕುದುರೆ ಹತ್ತಲಿಲ್ಲ. ವಿಷಯ ತಿಳಿದ ಮೇಲೆ ಒಂದು ಸಲ ಬಂದು ಖಾಲಿ ಜಾಗದ ಮುಂದೆ ನಿಂತು ಹೋದರು. ಹೋಗುವಾಗ ಚಿಕ್ಕಣ್ಣನನ್ನು ಕರೆದು ಮಾತಾಡಿಸಿದರು. ಏನು ಹೇಳಿದರು ಎಂದು ಅವನು ನನಗೆ ಹೇಳಿಲ್ಲ, ನಾನು ಕೇಳಿಲ್ಲ.

ಬೇಸಿಗೆಯಲ್ಲಿ ನಾನು, ಚಿಕ್ಕಣ್ಣ ಸೋಲೂರಿಗೆ ಹೋಗಿಬಂದೆವು. ಮಾಗಡಿಯಲ್ಲಿ ಬಸ್ಸು ಬದಲಾಯಿಸಿ ಹೋದೆವು. ತೆಂಗಿನ ನೆರಳಲ್ಲಿ ಹಸುಗಳ ಪಕ್ಕದಲ್ಲೇ ದುಂಡಿ ನಿಂತಿತ್ತು. ಮೈ ಮತ್ತೆ ತುಂಬಿತ್ತು, ಬೆನ್ನು ಹಿಂದಿನ ಹಾಗೇ ಚಪ್ಪಟೆ. ಆದರೆ ಭುಜದ ಹಿಂದೆ, ಕಮಾನು ಕೂರುವ ಜಾಗದಲ್ಲಿ, ಎರಡೂ ಕಡೆ ಅಂಗೈಯಷ್ಟು ಬಿಳಿ ಕೂದಲು ಬಂದಿತ್ತು. ಒತ್ತಿ ಗಾಯವಾದ ಜಾಗದಲ್ಲಿ ಕೂದಲು ಹಾಗೆ ಬೆಳ್ಳಗೆ ಹುಟ್ಟುತ್ತದೆ.

ಚಿಕ್ಕಣ್ಣ ಪೇಪರಿನಲ್ಲಿ ಸುತ್ತಿ ತಂದಿದ್ದ ಮುದ್ದೆ ಬಿಚ್ಚಿದ. ದುಂಡಿ ಬಂತು, ಅವನ ಕೈಯಿಂದಲೇ ತಿಂದಿತು, ಜೇಬಿಗೆ ಮೂಗು ಹಾಕಿತು. ಅವನ ಮುಖ ಒಂದು ಗಳಿಗೆ ಅರಳಿತು. ಕುತ್ತಿಗೆ ನೇವರಿಸಿದ, ಅದು ಸುಮ್ಮನಿತ್ತು. ಹಾಗೇ ಕೈಯನ್ನು ಆ ಬಿಳಿ ಕೂದಲಿನ ಹತ್ತಿರಕ್ಕೆ ಒಯ್ದ. ಮುಟ್ಟಿರಲಿಲ್ಲ, ಇನ್ನೂ ನಡುವೆ ಜಾಗ ಇತ್ತು. ದುಂಡಿಯ ಕಿವಿ ಹಿಂದಕ್ಕೆ ಹೋಯಿತು, ಅಲ್ಲಿನ ಚರ್ಮ ನೊಣ ಕೂತರೆ ನಡುಗುವ ಹಾಗೆ ನಡುಗಿತು. ಅವನು ಕೈ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡ.

"ಈ ಬಿಳಿ ಕೂದ್ಲು ಓಯ್ತದಾ ನಿಂಗವ್ವ?"

"ಇಲ್ಲ ಕಣ್ಲಾ" ಎಂದೆ. ಸುಳ್ಳು ಹೇಳಿ ಏನು ಮಾಡುವುದು.

ಆಮೇಲೆ ಶಾಲೆಯಲ್ಲಿ ಪದ್ಧತಿ ಬದಲಾಯಿತು. ಇಮ್ತಿಯಾಜ್ ಈಗ ಹೇಳದೆ ಬರುತ್ತಾರೆ, ಅದೂ ಬೆಳಗಿನ ಹೊತ್ತು. ಕುದುರೆ ಹೇಗಿದೆಯೋ ಹಾಗೆ, ಅದರ ಮೇಲೆ ಏನಿದೆಯೋ ಅದರ ಸಮೇತ ನೋಡುತ್ತಾರೆ. ಚಿಕ್ಕಣ್ಣ ಈಗಲೂ ಅಲ್ಲೇ ಇದ್ದಾನೆ. ಅವನ ಕುದುರೆಗಳ ಬೆನ್ನು ಚೆನ್ನಾಗಿವೆ. ಆ ಕಂಬಳಿಯನ್ನು ಮನೆಗೆ ಒಯ್ದ, ಮತ್ತೆ ತರಲಿಲ್ಲ.

ಕಳೆದ ವರ್ಷ ಸೂಜಿಗೆ ದಾರ ಪೋಣಿಸಲು ಕಣ್ಣು ಆಗದೆ ನಾನು ಕೆಲಸ ಬಿಟ್ಟೆ. ನನ್ನ ಜಾಗಕ್ಕೆ ಕನಕಪುರದ ಕಡೆಯ ಒಬ್ಬ ಹೆಣ್ಣುಮಗಳು ಬಂದಿದ್ದಾಳೆ. ಹೊಲಿಗೆ ಅಚ್ಚುಕಟ್ಟು, ಕೆಲಸ ಚುರುಕು. ಉಣ್ಣೆ ಹಿಂಜುವುದನ್ನು ಮೂರು ದಿನದಲ್ಲಿ ಕಲಿತಳು. ನಾನು ಕೊನೆಯ ದಿನ ಹೋಗಿದ್ದಾಗ, ನಾಳೆ ಬೇರೆ ಯಾರೋ ಜೀನಿನವರು ಕುದುರೆ ನೋಡಲು ಬರುತ್ತಾರಂತೆ ಎಂದು ಬಟ್ಟೆಗಳನ್ನೆಲ್ಲ ನೀರಿನಲ್ಲಿ ನೆನೆಹಾಕುತ್ತಿದ್ದಳು. ಬಕೆಟ್ಟಿನಿಂದ ಎತ್ತಿ ಹಗ್ಗದ ಮೇಲೆ ಹಾಕಿಸಿದೆ. ನೋಡಲು ಬರುವವರು ಇದ್ದಾರೆ ಎಂದರೆ ಏನನ್ನೂ ಒಗೆಯಬೇಡ ಎಂದು ಹೇಳಿದೆ. ಅವರಿಗೆ ಬೇಕಾಗಿರುವುದು ಕೊಳೆಯೇ.